ಮಿಸ್ಸಿಂಗ್ ಹೊಡೆಯುವ ಎಂಜಿನ್, ಒಟ್ಟಿಗೆ ಹೊತ್ತಿಕೊಳ್ಳುವ ಲೈಟುಗಳು: ಮಲೆನಾಡಿನ ಸ್ಪೋರ್ಟ್ಸ್ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಟರ್ಬೊ ಪೆಟ್ರೋಲ್ ಕಾರುಗಳು ಸಾಕಷ್ಟಿವೆ. ಅಲ್ಲೊಂದು ಇಲ್ಲೊಂದು ಎರಡು ಸೀಟಿನ ಅಸಲಿ ಸ್ಪೋರ್ಟ್ಸ್ ಕಾರೂ ಕಣ್ಣಿಗೆ ಬೀಳುತ್ತದೆ. ಮಳೆಗಾಲ ಹಿಡಿದರೆ ಇವುಗಳ ಮಾಲೀಕರ ದೂರು ಹೆಚ್ಚುಕಮ್ಮಿ ಒಂದೇ: "ಚೆನ್ನಾಗೇ ಓಡ್ತಿತ್ತು, ಘಾಟಿಯಲ್ಲಿ ಒಮ್ಮೆಲೇ ನಾಲ್ಕೈದು ಲೈಟ್ ಬಂತು, ಗಾಡಿ ಜರ್ಕ್ ಹೊಡೆಯೋಕೆ ಶುರುವಾಯ್ತು." ಅದರ ಸುತ್ತ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಪೆಟ್ರೋಲ್ ಎಂಜಿನ್‌ಗೆ ಮಾತ್ರ. ಡೀಸೆಲ್‌ದು ಬೇರೆಯೇ ಕಥೆ.

ಘಾಟಿ ಹತ್ತುವಾಗ ಎಂಜಿನ್ ಲೈಟ್ ಬಂತು. ಮೊದಲು ಏನು ಮಾಡಬೇಕು?

ಎರಡೇ ವಿಷಯ ನೋಡಿ. ಬಣ್ಣ ಯಾವುದು? ಸ್ಥಿರವಾಗಿ ಉರಿಯುತ್ತಿದೆಯೋ, ಬ್ಲಿಂಕ್ ಆಗುತ್ತಿದೆಯೋ?

ಹಳದಿ ಲೈಟ್ ಸುಮ್ನೆ ಉರಿಯುತ್ತಿದೆ, ಗಾಡಿ ಎಂದಿನಂತೆ ಎಳೆಯುತ್ತಿದೆ ಅಂದರೆ ಕಾಲು ಹಗುರ ಮಾಡಿಕೊಂಡು ಊರು ಸೇರಬಹುದು. ಹಳದಿಯೇ ಬ್ಲಿಂಕ್ ಆಗುತ್ತಿದ್ದರೆ ಎಕ್ಸಲರೇಟರ್ ಬಿಡಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಕೆಂಪು ಲೈಟ್ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

"ಜಾಗ ಸಿಕ್ಕ ಕೂಡಲೇ" ಅಂದಿದ್ದಕ್ಕೆ ಕಾರಣ ಇದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಬಸ್ಸು ತಿರುಗುವಾಗ ಇಡೀ ರಸ್ತೆ ತೆಗೆದುಕೊಳ್ಳುತ್ತದೆ. ಅಂಥ ತಿರುವಿನಲ್ಲಿ ನೆಲಕ್ಕೆ ಹತ್ತಿರವಿರುವ ತಗ್ಗಿನ ಕಾರು ನಿಲ್ಲಿಸಿದರೆ, ಮಂಜು ಬಿದ್ದಾಗ ಮೇಲಿಂದ ಇಳಿಯುವವರಿಗೆ ಕಾಣುವುದೇ ಇಲ್ಲ. ಹಜಾರ್ಡ್ ಹಾಕಿಕೊಂಡು, ಕಡಿಮೆ ಗೇರಿನಲ್ಲಿ, ಹೆಚ್ಚು ರೇಸ್ ಕೊಡದೆ ಮುಂದಿನ ನೇರ ಜಾಗದವರೆಗೆ ಹೋಗಿ. ಆಗುಂಬೆಯಲ್ಲಾದರೆ ಮೇಲ್ಗಡೆ ಸೂರ್ಯಾಸ್ತ ನೋಡುವ ಜಾಗದ ಹತ್ತಿರ ಅಗಲವಿದೆ.

ನಿಲ್ಲಿಸಿದ ಮೇಲೆ, ಕೀ ಆಫ್ ಮಾಡುವ ಮುಂಚೆ, ಮೀಟರಿನ ಫೋಟೋ ತೆಗೆದುಕೊಳ್ಳಿ. ಕೆಂಪು ಲೈಟ್ ಇದ್ದರೆ ಮಾತ್ರ ಮೊದಲು ಎಂಜಿನ್ ಆಫ್ ಮಾಡಿ, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಅಷ್ಟೇ ಆನ್ ಮಾಡಿ ಫೋಟೋ ತೆಗೆಯಿರಿ. ಮತ್ತೆ ಸ್ಟಾರ್ಟ್ ಮಾಡಿದಾಗ ಕೆಲವು ಲೈಟ್ ಮಾಯವಾಗುತ್ತವೆ. ಮೆಕ್ಯಾನಿಕ್ ಕೇಳಿದಾಗ "ಏನೋ ಹಳದಿ ಬಂದಿತ್ತು ಸಾರ್" ಅನ್ನುವುದಕ್ಕಿಂತ ಫೋಟೋ ತೋರಿಸುವುದು ಎಷ್ಟೋ ವಾಸಿ.

ಬ್ಲಿಂಕ್ ಆದರೂ ಗಾಡಿ ಓಡ್ತಿತ್ತಲ್ಲ. ನಿಧಾನಕ್ಕೆ ಮನೆವರೆಗೆ ಹೋದರೆ ಏನಾಗುತ್ತೆ?

ಎಂಜಿನ್ ಲೈಟ್ ಬ್ಲಿಂಕ್ ಆಗುವುದಕ್ಕೆ ಒಂದು ನಿರ್ದಿಷ್ಟ ಅರ್ಥವಿದೆ: ಈಗ, ಈ ಕ್ಷಣದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ಸುಡುವಷ್ಟು ಮಿಸ್ಸಿಂಗ್ (ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದು) ಆಗುತ್ತಿದೆ. ಒಂದು ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ಅಲ್ಲಿ ಕೆಂಡದಂತಿರುವ ಕ್ಯಾಟ್‌ನ ಒಳಗೆ ಉರಿಯುತ್ತದೆ. ಒಳಗಿನ ಸೆರಾಮಿಕ್ ಜೇನುಗೂಡು ಕರಗಿ ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದೆ ಎಂಜಿನ್ ಪಿಕಪ್ಪೇ ಸಾಯುತ್ತದೆ. ಒಂದೆರಡು ಸಾವಿರದ ಪ್ಲಗ್‌ನಲ್ಲಿ ಮುಗಿಯುತ್ತಿದ್ದ ಕೆಲಸ, ಹೊರದೇಶದ ಸ್ಪೋರ್ಟ್ಸ್ ಕಾರಾದರೆ ಲಕ್ಷ ದಾಟುವ ಕೆಲಸವಾಗುತ್ತದೆ.

ಈಗಿನ ಬಹಳಷ್ಟು ಕಾರುಗಳಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ಸಿಲಿಂಡರಿಗೆ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಗಾಡಿ ನಾಲ್ಕರಲ್ಲಿ ಮೂರು ಸಿಲಿಂಡರಿನಲ್ಲಿ ನಡುಗುತ್ತಾ ಓಡುತ್ತದೆ. ನೀವು ಆಫ್ ಮಾಡಿ ಆನ್ ಮಾಡಿದರೆ ಇಸಿಯು ಮತ್ತೆ ಪೆಟ್ರೋಲ್ ಕೊಡಲು ಶುರು ಮಾಡುತ್ತದೆ. ಹಾಗಾಗಿ "ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಸರಿ ಹೋಗುತ್ತೆ" ಅಂತ ಹತ್ತು ಸಲ ಮಾಡಿದರೆ ಕ್ಯಾಟ್‌ಗೆ ಹತ್ತು ಸಲ ಪೆಟ್ಟು.

ಜನವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಎಚ್ಚರ ಬೇಕು. ಮಿಸ್ಸಿಂಗ್ ಆದ ಗಾಡಿಯನ್ನು ಕಾಡಿನ ಪಕ್ಕ ಒಣ ದರಗಿನ ಮೇಲೆ ನಿಲ್ಲಿಸಬೇಡಿ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಕ್ಯಾಟ್ ಕಾದಿದ್ದರೆ ದರಗಿಗೆ ಬೆಂಕಿ ಹತ್ತಲು ಬೇರೇನೂ ಬೇಡ.

ಕೆಂಪು ಲೈಟ್‌ಗಳಲ್ಲಿ ಯಾವುದು ಹೆಚ್ಚು ಅಪಾಯ?

ಆಯಿಲ್ ಕ್ಯಾನಿನ ಚಿತ್ರ. ಅದು ಆಯಿಲ್ ಒತ್ತಡ ಇಲ್ಲ ಅಂತ ಹೇಳುತ್ತದೆ, ಆಯಿಲ್ ಕಮ್ಮಿ ಇದೆ ಅಂತಲ್ಲ. ಒತ್ತಡ ಇಲ್ಲದೆ ಓಡಿದರೆ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ. ಆಯಿಲ್ ಕಡಿಮೆ ಇದ್ದಾಗ ಜೋರಾಗಿ ತಿರುವು ತಿರುಗಿಸಿದರೆ ಇರುವ ಆಯಿಲ್ ಒಂದು ಬದಿಗೆ ಸರಿದು ಈ ಲೈಟ್ ಕ್ಷಣ ಮಾತ್ರ ಬಂದು ಹೋಗುವುದುಂಟು. "ಬಂದು ಹೋಯ್ತಲ್ಲ" ಅಂತ ಬಿಡಬೇಡಿ, ನಿಲ್ಲಿಸಿ ಆಯಿಲ್ ನೋಡಿ. ಟರ್ಬೊ ಎಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಸರ್ವಿಸ್‌ಗೆ ಬಿಟ್ಟಾಗ ಮಾತ್ರ ಆಯಿಲ್ ನೋಡುವ ಅಭ್ಯಾಸ ಇವುಗಳಿಗೆ ಆಗಿಬರುವುದಿಲ್ಲ.

ಟೆಂಪರೇಚರ್ ಕೆಂಪಾದರೆ ಎಂಜಿನ್ ಆಫ್. ಬಿಸಿ ಇರುವಾಗ ಕೂಲಂಟ್ ಮುಚ್ಚಳಕ್ಕೆ ಕೈ ಹಾಕಬೇಡಿ. ಬ್ಯಾಟರಿ ಚಿತ್ರ ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಅಂತ. ಕೆಂಪು ಲೈಟ್‌ಗಳಲ್ಲಿ ಇದೊಂದೇ ಬಂದಿದ್ದರೆ ಎಸಿ, ಸ್ಟೀರಿಯೋ ಆಫ್ ಮಾಡಿ ಹತ್ತಿರದ ಊರು ಮುಟ್ಟಬಹುದು. ಆದರೆ ಬೆಲ್ಟೇ ತುಂಡಾಗಿದ್ದರೆ ಕೆಲವು ಎಂಜಿನ್‌ಗಳಲ್ಲಿ ಅದರ ಜೊತೆ ವಾಟರ್ ಪಂಪೂ ನಿಂತಿರುತ್ತದೆ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ.

ಎಂಜಿನ್ ಲೈಟ್ ಜೊತೆಗೆ ಎಬಿಎಸ್, ಟ್ರಾಕ್ಷನ್, ಸ್ಟೇರಿಂಗ್, ಹಿಲ್ ಹೋಲ್ಡ್ ಎಲ್ಲಾ ಒಟ್ಟಿಗೆ ಬಂತು. ಎಲ್ಲವೂ ಒಂದೇ ಸಲ ಕೆಟ್ಟವಾ?

ಬಹುಶಃ ಇಲ್ಲ. ಐದು ಲೈಟ್ ಒಟ್ಟಿಗೆ ಬಂದರೆ ಐದು ರೋಗ ಅಂತ ಹೆದರಬೇಡಿ, ಒಂದೇ ಮೂಲ ಹುಡುಕಿ.

ಈ ಕಾರುಗಳಲ್ಲಿ ಎಂಜಿನ್, ಬ್ರೇಕ್, ಗೇರ್‌ಬಾಕ್ಸ್, ಸ್ಟೇರಿಂಗ್‌ಗಳಿಗೆ ಬೇರೆ ಬೇರೆ ಕಂಪ್ಯೂಟರ್ ಇವೆ. ಕ್ಯಾನ್ ಬಸ್ ಅನ್ನುವ ಎರಡು ತಂತಿಗಳ ಮೇಲೆ ಅವು ಒಂದಕ್ಕೊಂದು ಮಾತಾಡುತ್ತಿರುತ್ತವೆ. ಟ್ರಾಕ್ಷನ್ ಕಂಟ್ರೋಲ್ ಚಕ್ರ ಜಾರಿದಾಗ "ಎಳೆತ ಕಡಿಮೆ ಮಾಡು" ಅಂತ ಎಂಜಿನ್‌ಗೆ ಹೇಳಬೇಕು. ಎಂಜಿನ್ ಮಿಸ್ ಹೊಡೆಯುತ್ತಿರುವಾಗ ಅದು ಹೇಳುವ ಎಳೆತದ ಲೆಕ್ಕವನ್ನು ನಂಬುವ ಹಾಗಿಲ್ಲ. ಆಗ ಟ್ರಾಕ್ಷನ್ ಕಂಟ್ರೋಲ್ "ನನ್ನಿಂದ ಆಗದು" ಅಂತ ತಾನೇ ಆಫ್ ಆಗಿ ಲೈಟ್ ಹಾಕುತ್ತದೆ. ಅದರ ಬೆನ್ನಿಗೆ ಹಿಲ್ ಹೋಲ್ಡ್ (ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವುದು), ಕ್ರೂಸ್ ಕಂಟ್ರೋಲ್ ಕೂಡ ಹೋಗುತ್ತವೆ. ಸಾಮಾನ್ಯವಾಗಿ ಪೆಡಲ್ ತುಳಿದರೆ ಬ್ರೇಕ್ ಹಿಡಿಯುತ್ತದೆ. ಎಬಿಎಸ್ ಇಲ್ಲ ಅಂದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗಿ ಜಾರಬಹುದು, ಅಷ್ಟು ತಿಳಿದು ಓಡಿಸಿ.

ಎರಡನೇ ಕಾರಣ ಬ್ಯಾಟರಿ. ನಮ್ಮ ಕಡೆ ಸ್ಪೋರ್ಟ್ಸ್ ಕಾರು ದಿನಾ ಓಡುವ ಗಾಡಿ ಅಲ್ಲ. ಜೂನ್‌ನಲ್ಲಿ ಕವರ್ ಹಾಕಿದರೆ ಗಣಪತಿ ಹಬ್ಬದ ಹೊತ್ತಿಗೆ ತೆಗೆಯುವವರೇ ಜಾಸ್ತಿ. ಅಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ವೋಲ್ಟೇಜ್ ಬಿದ್ದಾಗ ಒಂದೊಂದೇ ಕಂಪ್ಯೂಟರ್ ಸಂಪರ್ಕ ಕಳೆದುಕೊಂಡು ಮೀಟರ್ ತುಂಬಾ ದೀಪಾವಳಿ ಆಗುತ್ತದೆ. ಸಾಮಾನ್ಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಇರುವ ಕಾರುಗಳಲ್ಲಿ ಇದು ಏರಿಳಿಯುತ್ತದೆ, ಗಾಬರಿ ಬೇಡ.

ಮೂರನೆಯದು ಅರ್ತ್ ತಂತಿ. ಎಂಜಿನ್‌ನಿಂದ ಕಾರಿನ ಬಾಡಿಯವರೆಗೆ ಬಂದಿರುವ ದಪ್ಪ ಹೆಣಿಗೆಯ ಪಟ್ಟಿ ಮಲೆನಾಡಿನ ತೇವಕ್ಕೆ ಬೇಗ ಹಸಿರುಗಟ್ಟುತ್ತದೆ. ಬಿಚ್ಚಿ, ತಿಕ್ಕಿ, ಬಿಗಿ ಮಾಡಿದರೆ ಖರ್ಚೇ ಇಲ್ಲ. ಆದರೂ ಇದನ್ನು ಕೊನೆಗೆ ನೋಡುತ್ತಾರೆ. ಯಾಕೋ ಗೊತ್ತಿಲ್ಲ.

ಮಿಸ್‌ಫೈರ್ ಆಗಿದೆ ಅಂತ ಗಾಡಿಗೆ ಹೇಗೆ ಗೊತ್ತಾಗುತ್ತೆ?

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಸೆನ್ಸರ್‌ನಿಂದ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ. ಒಂದು ಉರಿಯದಿದ್ದರೆ ಆ ಸರದಿಯಲ್ಲಿ ವೇಗ ಕೂದಲೆಳೆಯಷ್ಟು ಬೀಳುತ್ತದೆ. ಇಸಿಯು ಅದನ್ನು ಲೆಕ್ಕ ಹಾಕಿ ಯಾವ ಸಿಲಿಂಡರ್ ಅಂತ ಗುರುತಿಸುತ್ತದೆ. ಗುಂಡಿ ರಸ್ತೆಯಲ್ಲೂ ಕ್ರ್ಯಾಂಕ್ ವೇಗ ಏರುಪೇರಾಗುತ್ತದೆ. ಅದಕ್ಕೇ ಹಲವು ಕಾರುಗಳು ಚಕ್ರದ ಸೆನ್ಸರ್ ನೋಡಿ "ಇದು ರಸ್ತೆಯ ಕುಲುಕಾಟ" ಅಂತ ಬಿಟ್ಟುಬಿಡುತ್ತವೆ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ಇದು ದೊಡ್ಡ ಉಪಕಾರ.

ಸ್ಕ್ಯಾನರ್ ಹಾಕಿದಾಗ ಪಿ0302 ಬಂತು. ಎರಡನೇ ಕಾಯಿಲ್ ಬದಲಿಸಿದರೆ ಆಯ್ತಲ್ವಾ?

ಆಗಬಹುದು, ಆಗದೇ ಇರಬಹುದು. ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ.

ಸ್ಕ್ಯಾನರ್ (ಇಸಿಯು ಬರೆದಿಟ್ಟ ತಪ್ಪಿನ ಕೋಡ್ ಓದುವ ಸಾಧನ) ತೋರಿಸುವ ಪಿ0302 ಹೇಳುವುದು "ಎರಡನೇ ಸಿಲಿಂಡರ್ ಉರಿಯುತ್ತಿಲ್ಲ" ಅಂತ ಮಾತ್ರ. ಯಾಕೆ ಅಂತ ಅದು ಹೇಳುವುದಿಲ್ಲ. ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ಆ ಸಿಲಿಂಡರಿನ ವಾಲ್ವ್ ಸುಟ್ಟು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗಿರಬಹುದು, ಇಲಿ ತಂತಿ ಕಡಿದಿರಬಹುದು. ಪಿ0300 ಬಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್ ಅಲ್ಲಲ್ಲಿ ತಪ್ಪುತ್ತಿವೆ ಅಂತ. ಆಗ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ, ಕೆಟ್ಟ ಪೆಟ್ರೋಲ್. ಜೊತೆಗೆ ಪಿ0352 ಇದ್ದರೆ ಎರಡನೇ ಕಾಯಿಲ್‌ನ ಸರ್ಕ್ಯೂಟ್, ಪಿ0202 ಇದ್ದರೆ ಎರಡನೇ ಇಂಜೆಕ್ಟರ್‌ನ ಸರ್ಕ್ಯೂಟ್. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಜೊತೆಗೆ ಬಂದ ಈ ಕೋಡ್‌ಗಳೇ ಹೆಚ್ಚು ಮಾತಾಡುತ್ತವೆ.

ಇನ್ನೊಂದು ಮಾತು: ಎರಡನೇ ಸಿಲಿಂಡರ್ ಯಾವುದು? ಸಾಲಾಗಿ ನಾಲ್ಕು ಇರುವ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಬೆಲ್ಟ್ ಅಥವಾ ಚೈನ್ ಬದಿಯಿಂದ ಎಣಿಸುತ್ತಾರೆ. ವಿ6, ವಿ8 ಮತ್ತು ಬಾಕ್ಸರ್ (ಸಿಲಿಂಡರ್‌ಗಳು ಎರಡೂ ಬದಿಗೆ ಮಲಗಿರುವ) ಎಂಜಿನ್‌ಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ತಪ್ಪು ಬದಿಯಿಂದ ಎಣಿಸಿ ಚೆನ್ನಾಗಿರುವ ಕಾಯಿಲ್ ತೆಗೆದು ಎಸೆದವರಿದ್ದಾರೆ.

ಹಾಗಾದರೆ ಕಾಯಿಲ್ ಕೆಟ್ಟಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡೋದು ಹೇಗೆ?

ಅದಲು ಬದಲು ಮಾಡಿ ನೋಡಿ. ಬಾನೆಟ್ ತೆಗೆದರೆ ಕಾಯಿಲ್‌ಗಳು ಮೇಲೇ ಕಾಣುವ ಎಂಜಿನ್ ಆದರೆ ಇದು ಸುಲಭ.

ಎಂಜಿನ್ ಪೂರ್ತಿ ತಣ್ಣಗಾಗಲಿ, ಕೀ ಆಫ್ ಇರಲಿ. ಎರಡನೇ ಕಾಯಿಲ್ ತೆಗೆದು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡರ ಜಾಗಕ್ಕೆ ಹಾಕಿ. ಕನೆಕ್ಟರಿನ ಲಾಕ್ ಪ್ಲಾಸ್ಟಿಕ್ ಹಳೆಯದಾದರೆ ಪುಡಿಯಾಗುತ್ತದೆ, ಎಳೆಯಬೇಡಿ, ಒತ್ತಿ ಬಿಡಿಸಿ. ಕೋಡ್ ಫೋಟೋ ತೆಗೆದುಕೊಂಡು ಅಳಿಸಿ, ಸ್ಟಾರ್ಟ್ ಮಾಡಿ. ಈಗ ಪಿ0303 ಬಂದರೆ ತಪ್ಪು ಕಾಯಿಲ್‌ದೇ. ಪಿ0302ನೇ ಬಂದರೆ ಕಾಯಿಲ್ ಚೆನ್ನಾಗಿದೆ. ಇದೇ ಆಟವನ್ನು ಪ್ಲಗ್ ಜೊತೆ ಆಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ತಂತಿ, ಕಂಪ್ರೆಷನ್ ಕಡೆ ತಿರುಗಬೇಕು. ಅಲ್ಲಿಂದ ಮುಂದೆ ಗ್ಯಾರೇಜಿನ ಕೆಲಸ.

ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಕಾಯಿಲ್ ಕಿತ್ತು "ಯಾವುದು ಕಿತ್ತರೂ ಸದ್ದು ಬದಲಾಗಲ್ವೋ ಅದೇ ಕೆಟ್ಟಿದ್ದು" ಅನ್ನುವ ಹಳೇ ಪದ್ಧತಿ ಬೇಡವೇ ಬೇಡ. ಕಾಯಿಲ್‌ನಿಂದ ಹೊರಡುವುದು ಹತ್ತಾರು ಸಾವಿರ ವೋಲ್ಟ್. ಕೈಗೂ ಅಪಾಯ, ಇಸಿಯುಗೂ ಅಪಾಯ, ಉರಿಯದ ಪೆಟ್ರೋಲ್ ಮತ್ತೆ ಕ್ಯಾಟ್‌ಗೆ.

ಬಿಸಿಲಿದ್ದಾಗ ಏನೂ ಇಲ್ಲ, ಮಳೆ ಬಂದರೆ ಮಾತ್ರ ಮಿಸ್ಸಿಂಗ್. ಯಾಕೆ?

ನೀರು ಕಾಯಿಲ್‌ಗೆ ಇಳಿಯುತ್ತಿದೆ, ಅಥವಾ ಕಾಯಿಲ್‌ನ ರಬ್ಬರ್ ಬೂಟಿನಲ್ಲಿ ಬಿರುಕಿದೆ. ಇಲ್ಲಿ ಜುಲೈನಲ್ಲಿ ಬರುವ ಪ್ರಶ್ನೆಗಳಲ್ಲಿ ಇದೇ ದೊಡ್ಡಣ್ಣ.

ಪ್ಲಗ್ ಕೂತಿರುವುದು ಒಂದು ಆಳದ ಬಾವಿಯಂಥ ತೂತಿನಲ್ಲಿ. ಮೇಲೆ ಕಾಯಿಲ್‌ನ ರಬ್ಬರ್ ಮುಚ್ಚಳ. ರಬ್ಬರ್ ಬಿಸಿಗೆ ಗಟ್ಟಿಯಾಗಿ ಅಂಚು ಎದ್ದಿದ್ದರೆ ಬಾನೆಟ್ ಸಂದಿನಿಂದ ಬಂದ ನೀರು ಒಳಗಿಳಿದು ನಿಲ್ಲುತ್ತದೆ. ಕಾಯಿಲ್ ಎಳೆದು ತೆಗೆದು ಟಾರ್ಚ್ ಬಿಟ್ಟು ನೋಡಿ. ಪ್ಲಗ್‌ನ ಷಟ್ಕೋನದ ಸುತ್ತ ತುಕ್ಕಿನ ಉಂಗುರ, ತಳದಲ್ಲಿ ಮಿನುಗುವ ಹನಿ, ಕಾಯಿಲ್‌ನ ಸ್ಪ್ರಿಂಗ್ ತುದಿಯಲ್ಲಿ ಹಸಿರು ಪುಡಿ ಕಾಣುತ್ತದೆ. ಬೂಟನ್ನು ಬೆರಳಲ್ಲಿ ಬಗ್ಗಿಸಿದರೆ ಕೂದಲಿನಂಥ ಬಿಳಿ ಗೀರು ತೆರೆದುಕೊಳ್ಳುತ್ತದೆ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಕ್ಕೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ ಇರುತ್ತದೆ. ಕಿಡಿ ತುದಿಗೆ ಹೋಗುವ ಬದಲು ಆ ಗೆರೆಯ ಮೇಲೆ ಹರಿದು ಎಂಜಿನ್‌ನ ಲೋಹಕ್ಕೆ ಇಳಿಯುತ್ತಿದೆ ಅಂತ ಅರ್ಥ. ಆ ಗೆರೆ ಒಮ್ಮೆ ಬಿತ್ತು ಅಂದರೆ ಒರೆಸಿದರೆ ಹೋಗದು. ಪ್ಲಗ್ ಮತ್ತು ಬೂಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಪೋರ್ಷೆಯ ಬಾಕ್ಸರ್ ಎಂಜಿನ್‌ಗಳಲ್ಲಿ ಕಾಯಿಲ್‌ಗಳು ಮೇಲಿರುವುದಿಲ್ಲ. ಬದಿಯಲ್ಲಿ, ತಗ್ಗಿನಲ್ಲಿ, ಎಕ್ಸಾಸ್ಟ್‌ಗೆ ಹತ್ತಿರ ಇರುತ್ತವೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ರಸ್ತೆ ನೀರು. ಬಿರುಕು ಬಿಡುವುದು ಸಹಜವೇ. ಇವನ್ನು ಮನೆ ಅಂಗಳದಲ್ಲಿ ಬಿಚ್ಚಲು ಹೋಗಬೇಡಿ.

ತಾತ್ಕಾಲಿಕವಾಗಿ: ಬಾವಿಯ ನೀರನ್ನು ಬಟ್ಟೆಯಲ್ಲಿ ಹೀರಿ, ಗಾಳಿ ಊದಿ, ಒಣಗಿಸಿ. ಪ್ಲಗ್ ತೆಗೆಯುವ ಮುಂಚೆ ನೀರು ತೆಗೆಯಿರಿ. ಇಲ್ಲವಾದರೆ ಅದು ಸೀದಾ ಸಿಲಿಂಡರಿಗೆ ಬೀಳುತ್ತದೆ.

ಸರ್ವಿಸ್ ಮಾಡಿಸಿ, ವಾಟರ್ ವಾಶ್ ಮಾಡಿಸಿದ ಮಾರನೇ ದಿನವೇ ಲೈಟ್ ಬಂತು.

ಮೇಲಿನ ಉತ್ತರವೇ. ಎಂಜಿನ್ ಮೇಲೆ ಪ್ರೆಷರ್ ಗನ್ ಹಿಡಿಯಲು ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಲಿ ಕಾಟ. ಲೈಟ್ ಬರೋದಕ್ಕೂ ಇಲಿಗೂ ಸಂಬಂಧ ಇದೆಯಾ?

ತುಂಬಾ ಇದೆ. ಹಳ್ಳಿ ಮನೆಯಲ್ಲಿ ಕಾರು ನಿಲ್ಲುವ ಜಾಗ ಅಂದರೆ ಪಕ್ಕದಲ್ಲೇ ಅಡಿಕೆ ಚೀಲ, ಇನ್ನೊಂದು ಬದಿ ಕೊಟ್ಟಿಗೆ, ಹಿಂದೆ ಹುಲ್ಲಿನ ಬಣವೆ. ಇಲಿ ಹೆಗ್ಗಣಗಳಿಗೆ ಬೆಚ್ಚಗಿನ ಎಂಜಿನ್ ಸಿಕ್ಕರೆ ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆ ಮನೆ ಬೇಕಾ?

ಪತ್ತೆ ಮಾಡುವುದು ಹೀಗೆ. ನಿನ್ನೆ ಸರಿ ಇದ್ದ ಗಾಡಿ ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ನಡುಗುತ್ತಿದ್ದರೆ, ಕೋಡ್‌ನಲ್ಲಿ "ಸರ್ಕ್ಯೂಟ್" ಅನ್ನುವ ಮಾತಿದ್ದರೆ, ಮೊದಲು ತಂತಿ ನೋಡಿ. ಎಂಜಿನ್ ಕವರ್ ಎತ್ತಿ. ಹಿಕ್ಕೆ, ಅಡಿಕೆ ಸಿಪ್ಪೆ, ಸ್ಪಂಜಿನ ಚೂರು ಇದ್ದರೆ ಅನುಮಾನವೇ ಬೇಡ. ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆಯಿರಿ. ಅಲ್ಲಿ ಗೂಡು ಕಟ್ಟಿದ್ದರೆ ಗಾಳಿಯೇ ಹೋಗುವುದಿಲ್ಲ. ಕಡಿದ ತಂತಿಯನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಲೈಟ್. ಸೋಲ್ಡರ್ ಹಾಕಿಸಿ ಅಥವಾ ನೀರು ಹೋಗದ ಜಾಯಿಂಟ್ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಹಾಕಿಸಿ. ಹೊಗೆಸೊಪ್ಪು, ಫಿನಾಯಿಲ್ ಉಂಡೆ ಎಲ್ಲಾ ಎರಡು ದಿನದ ವೈಭವ. ಗಾಡಿಯನ್ನು ಆಗಾಗ ಓಡಿಸುವುದು, ರಾತ್ರಿ ಬಾನೆಟ್ ತೆರೆದಿಡುವುದು ಹೆಚ್ಚು ಕೆಲಸ ಮಾಡುತ್ತದೆ.

ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯ್ತು. ಇ20 ಕಾರಣವಾ?

ಇ20 (ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಮೇಲೆ ಎಲ್ಲಾ ಹೊರಿಸುವುದು ಈಗ ರೂಢಿಯಾಗಿದೆ. ಸ್ವಲ್ಪ ಬಿಡಿಸಿ ನೋಡಬೇಕು.

ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಹಾಗಾಗಿ ಅಷ್ಟೇ ಕೆಲಸಕ್ಕೆ ಹೆಚ್ಚು ಪೆಟ್ರೋಲ್ ಚಿಮ್ಮಬೇಕು. ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಅದನ್ನು ಹೊಂದಿಸಿಕೊಳ್ಳುತ್ತದೆ. ಆದರೆ ಇಂಜೆಕ್ಟರ್ ಮೊದಲೇ ಕಟ್ಟಿಕೊಂಡಿದ್ದರೆ, ಪಂಪು ಸೊರಗಿದ್ದರೆ, ಹೊಂದಿಸಿಕೊಳ್ಳಲು ಉಳಿದ ಜಾಗ ಮುಗಿದು ಪಿ0171 ಬರುತ್ತದೆ. ಅಂದರೆ ಇ20 ಹಳೇ ಕಾಯಿಲೆಯನ್ನು ಹೊರಗೆ ಹಾಕಿತು ಅಷ್ಟೇ. 2023ರ ಏಪ್ರಿಲ್‌ಗಿಂತ ಮುಂಚಿನ ಕಾರಾದರೆ ರಬ್ಬರ್ ಹೋಸ್, ಸೀಲುಗಳನ್ನು ಆಗಾಗ ನೋಡಿಸಿ.

ಎಥೆನಾಲ್ ನೀರನ್ನು ಹೀರುತ್ತದೆ, ಇದು ನಮಗೆ ಹೆಚ್ಚು ಮುಖ್ಯ. ನೀರು ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ಪೆಟ್ರೋಲ್ ಹಾಕಿಸಿ ಕೆಲವೇ ಕಿಲೋಮೀಟರ್‌ಗೆ ಎಲ್ಲಾ ಸಿಲಿಂಡರ್ ತಪ್ಪಲು ಶುರುವಾದರೆ ಸ್ವಲ್ಪ ಪೆಟ್ರೋಲ್ ತೆಗೆಸಿ ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಬಿಲ್ ಇಟ್ಟುಕೊಳ್ಳಿ. ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ನೀರಿದೆಯಾ ಅಂತ ನೋಡಲು ಅವರ ಬಳಿ ಪೇಸ್ಟ್ ಇರುತ್ತದೆ. ಕೋಲಿನ ತುದಿಗೆ ಹಚ್ಚಿ ಇಳಿಸಿದರೆ ನೀರು ತಾಗಿದಷ್ಟು ಭಾಗದ ಬಣ್ಣ ಬದಲಾಗುತ್ತದೆ. ಅದನ್ನು ನಿಮ್ಮೆದುರೇ ಮಾಡಿ ತೋರಿಸಿ ಅಂತ ಕೇಳಿ.

ಮುಚ್ಚಳದ ಒಳಗೆ 95 ಆಕ್ಟೇನ್ ಅಂತ ಬರೆದಿದ್ದರೆ ಅಷ್ಟು ಆಕ್ಟೇನ್ ಇರುವುದನ್ನೇ ಹಾಕಿಸಿ.

ಪ್ಲಗ್ ಹೊಸದು, ಕಾಯಿಲ್ ಹೊಸದು. ಆದರೂ ಮಿಸ್ಸಿಂಗ್ ಹೋಗಿಲ್ಲ.

ಇನ್ನು ಪಾರ್ಟ್ ಬದಲಿಸುವುದನ್ನು ನಿಲ್ಲಿಸಿ, ಅಳೆಯಲು ಶುರು ಮಾಡಿ.

ಮೊದಲು ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ಪ್ಲಸ್ ಅಥವಾ ಮೈನಸ್ ಹತ್ತರೊಳಗೆ ಇದ್ದರೆ ಸರಿ. ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ: ಹರಿದ ಹೋಸ್, ಇನ್‌ಟೇಕ್ ಗ್ಯಾಸ್ಕೆಟ್, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಬಿಡುವ ವಾಲ್ವ್). ಐಡಲ್‌ನಲ್ಲಿ ಸರಿ ಇದ್ದು ಎಳೆಯುವಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪು, ಫಿಲ್ಟರ್. ಇಷ್ಟನ್ನು ಒಂದು ಬಿಡಿ ಪಾರ್ಟನ್ನೂ ಕೊಳ್ಳದೆ ತಿಳಿಯಬಹುದು.

ನೇರ ಇಂಜೆಕ್ಷನ್ ಎಂಜಿನ್ ಆದರೆ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟಿರಬಹುದು. ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ವಾಲ್ವ್ ಬೆನ್ನನ್ನು ತೊಳೆಯುವವರಿಲ್ಲ. ಬೆಳಿಗ್ಗೆ ತಣ್ಣಗಿನ ಸ್ಟಾರ್ಟ್‌ನಲ್ಲಿ ನಡುಗಿ, ಬಿಸಿಯಾದ ಮೇಲೆ ಸರಿ ಹೋಗುವುದು ಇದರ ಗುರುತು. ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ಮುಟ್ಟುವುದೇ ಇಲ್ಲ, ದುಡ್ಡು ದಂಡ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಹೊಡೆದು ತೆಗೆಯುತ್ತಾರೆ.

ಕೊನೆಗೆ ಕಂಪ್ರೆಷನ್. ಎಲ್ಲಾ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಶೇಕಡಾ 15ಕ್ಕೂ ಹೆಚ್ಚು ಕಡಿಮೆ ಇದ್ದರೆ ಅಲ್ಲೇ ರೋಗ. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಊರೊಳಗೆ ಏನೂ ಇಲ್ಲ. ಘಾಟಿಯಲ್ಲಿ ಫುಲ್ ಎಕ್ಸಲರೇಟರ್ ಕೊಟ್ಟರೆ ಮಾತ್ರ ತಡೆಯುತ್ತೆ.

ಟರ್ಬೊ ಒತ್ತಡ ಏರಿದಾಗ ಕಿಡಿ ಹಾರುವುದು ಕಷ್ಟ. ಪ್ಲಗ್ ಸವೆದು ಗ್ಯಾಪ್ ದೊಡ್ಡದಾಗಿದ್ದರೆ ಊರೊಳಗಿನ ಓಡಾಟಕ್ಕೆ ಸಾಲುತ್ತದೆ, ಘಾಟಿಗೆ ಸಾಲುವುದಿಲ್ಲ. ಮೊದಲು ಅದನ್ನು ನೋಡಿ. ರೀಮ್ಯಾಪ್ ಮಾಡಿಸಿ (ಇಸಿಯು ಸೆಟ್ಟಿಂಗ್ ಬದಲಿಸಿ) ಬೂಸ್ಟ್, ಅಂದರೆ ಟರ್ಬೊ ಒತ್ತಡ, ಏರಿಸಿದ್ದರೆ ಕಂಪನಿ ಇಟ್ಟ ಗ್ಯಾಪೇ ಹೆಚ್ಚಾಗುತ್ತದೆ. ಟ್ಯೂನ್ ಮಾಡಿದವರು ಹೇಳಿದ ಪ್ಲಗ್ಗೇ ಹಾಕಬೇಕು. ಜೊತೆಗೆ ಬುಸ್ ಅನ್ನುವ ಸದ್ದು ಬಂದು ಪಿಕಪ್ ಪೂರ್ತಿ ಸತ್ತರೆ ಇಂಟರ್‌ಕೂಲರ್ ಹೋಸ್ ಕಳಚಿದೆ. ಕ್ಲಾಂಪ್ ಬಿಗಿ ಮಾಡಿದರೆ ಮುಗಿಯಿತು.

ಗಾಡಿ 3000 ಆರ್‌ಪಿಎಂ ಸುತ್ತಮುತ್ತ ಏರುವುದೇ ಇಲ್ಲ ಅಂದರೆ ಅದು ಲಿಂಪ್ ಮೋಡ್. ಎಂಜಿನ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ.

ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಲೈಟ್ ಹೋಗುತ್ತೆ ಅಂತಾರೆ. ಮಾಡಬಹುದಾ?

ಕೋಡ್ ಓದುವ ಮುಂಚೆ ಮಾಡಬೇಡಿ. ಹಾಗೆ ಮಾಡಿದರೆ ಎಷ್ಟೋ ಕಾರುಗಳಲ್ಲಿ ಫ್ರೀಜ್ ಫ್ರೇಮ್ ಅಳಿಸಿಹೋಗುತ್ತದೆ. ಕೋಡ್ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿದ್ದಿರಿ ಅಂತ ಇಸಿಯು ಬರೆದಿಟ್ಟುಕೊಂಡ ಮಾಹಿತಿ ಅದು. ಅದನ್ನು ಅಳಿಸಿ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಕತ್ತಲಲ್ಲಿ ತಡಕಬೇಕು. ಐನೂರು, ಸಾವಿರ ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಹಾಕಿ ಫೋನಿನಲ್ಲೇ ಓದಬಹುದು. ಎಂಜಿನ್ ಕೋಡ್‌ಗೆ ಸಾಕು. ಎಬಿಎಸ್, ಏರ್‌ಬ್ಯಾಗ್ ಓದಲು ಆ ಕಂಪನಿಯ ಕಾರಿಗೆ ಹೊಂದುವ ಸ್ಕ್ಯಾನರ್ ಬೇಕು. ಓದಿದ ಮೇಲೆ ಕಿತ್ತಿಡಿ. ಅಲ್ಲೇ ಬಿಟ್ಟರೆ ಬ್ಯಾಟರಿ ಕುಡಿಯುತ್ತದೆ.

ರಸ್ತೆ ಮೇಲೆ ನೀರು ನಿಂತಿತ್ತು. ದಾಟುವಾಗ ಎಂಜಿನ್ ಆಫ್ ಆಯ್ತು.

ಮತ್ತೆ ಸ್ಟಾರ್ಟ್ ಮಾಡಬೇಡಿ. ಒಂದು ಸಲವೂ ಬೇಡ. ಸ್ಪೋರ್ಟ್ಸ್ ಕಾರುಗಳಲ್ಲಿ ಗಾಳಿ ಎಳೆಯುವ ಬಾಯಿ ತಗ್ಗಿನಲ್ಲಿರುವುದುಂಟು. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರಗೆ ತಂದು, ಪ್ಲಗ್ ಬಿಚ್ಚಿಸಿ, ನೀರು ತೆಗೆಸಿದ ಮೇಲೆಯೇ ಸ್ಟಾರ್ಟ್. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಈ ನಷ್ಟ ಬರುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಆಡ್ ಆನ್ ಇರಬೇಕು. ತುಂಗೆ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿಸಿದ್ದಾಳೆ ಅಂತ ಸುದ್ದಿ ಬಂದ ದಿನ ತಗ್ಗಿನ ಕಾರು ಮನೆಯಲ್ಲೇ ಇರಲಿ.

ಎಂಜಿನ್ ಚೆನ್ನಾಗಿದೆ, ಎಬಿಎಸ್ ಮತ್ತು ಟ್ರಾಕ್ಷನ್ ಲೈಟ್ ಮಾತ್ರ ಬಂದಿದೆ.

ಚಕ್ರದ ಸ್ಪೀಡ್ ಸೆನ್ಸರ್ ನೋಡಿ. ಕೆಂಪು ಮಣ್ಣಿನ ಕೆಸರು ಮೆತ್ತಿದರೂ ಸಾಕು. ಟೈರ್ ಪ್ರೆಷರ್ ಲೈಟ್ ಚಳಿಯ ಬೆಳಿಗ್ಗೆ ಮಾತ್ರ ಬಂದರೆ ಗಾಳಿ ನೋಡಿ. ಹತ್ತು ಡಿಗ್ರಿ ಇಳಿದರೆ ಸುಮಾರು ಎರಡು ಪಿಎಸ್‌ಐ ಇಳಿಯುತ್ತದೆ.

ಶಿವಮೊಗ್ಗದಲ್ಲೇ ತೋರಿಸಬಹುದಾ, ಬೆಂಗಳೂರಿಗೇ ಹೋಗಬೇಕಾ?

ಪ್ಲಗ್, ಕಾಯಿಲ್, ತಂತಿ, ಬ್ಯಾಟರಿ, ಹೋಸ್, ಕಂಪ್ರೆಷನ್ ಟೆಸ್ಟ್ ಇಷ್ಟನ್ನೂ ಇಲ್ಲೇ ಮಾಡಿಸಬಹುದು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಕೈಗುಣ ಇರುವವರಿದ್ದಾರೆ. ಒಂದೇ ಪರೀಕ್ಷೆ: ಕೋಡ್ ಓದಿದ ಕೂಡಲೇ "ಇದು ಬದಲಿಸಬೇಕು" ಅನ್ನುತ್ತಾರೋ, "ಒಂದು ಸಲ ಚೆಕ್ ಮಾಡೋಣ" ಅನ್ನುತ್ತಾರೋ ನೋಡಿ. ಎರಡನೆಯವರ ಹತ್ತಿರ ಬಿಡಿ.

ಇಸಿಯು ಕೋಡಿಂಗ್, ಗೇರ್‌ಬಾಕ್ಸ್ ಕಂಪ್ಯೂಟರ್, ವಾರಂಟಿ ಇರುವ ಗಾಡಿ ಅಂದರೆ ಕಂಪನಿ ಸರ್ವಿಸ್‌ಗೇ ಹೋಗಬೇಕು. ಬೆಂಗಳೂರು 300 ಕಿಲೋಮೀಟರ್ ಅಂತ ಮಿಸ್ಸಿಂಗ್ ಹೊಡೆಯುವ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ. ಫ್ಲಾಟ್‌ಬೆಡ್ ಕರೆಸಿ. ಚಕ್ರ ಎತ್ತಿ ಎಳೆಯುವ ಗಾಡಿ ತಗ್ಗಿನ ಕಾರಿಗೂ ಆಲ್ ವೀಲ್ ಡ್ರೈವ್‌ಗೂ ಆಗದು. ಎಳೆಯುವ ಕೊಕ್ಕೆ ಡಿಕ್ಕಿಯ ಟೂಲ್ ಕಿಟ್‌ನಲ್ಲಿರುತ್ತದೆ, ಬಂಪರಿನ ಪುಟ್ಟ ಮುಚ್ಚಳ ತೆಗೆದು ತಿರುಗಿಸಿ ಹಾಕಬೇಕು. ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರನ್ನು ಆ್ಯಪ್‌ನಲ್ಲಿ ಬಿಡದೆ ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸ್‌ನಲ್ಲಿಡಿ. ಬಸ್ ಡ್ರೈವರ್ ಕೈಗೆ ಕೊಟ್ಟು "ಮೇಲೆ ಹೋದ ಮೇಲೆ ಒಂದು ಫೋನ್ ಮಾಡಿ ಅಣ್ಣ" ಅಂದರೆ ಖಂಡಿತ ಮಾಡುತ್ತಾರೆ.

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಿದೆ. ಯಾವ ಲೈಟೂ ಇಲ್ಲ. ಧೈರ್ಯವಾಗಿ ತಗೋಬಹುದಾ?

ಲೈಟ್ ಇಲ್ಲದಿರುವುದೂ ಒಂದು ಲಕ್ಷಣವೇ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಎಂಜಿನ್ ಲೈಟ್ ಒಮ್ಮೆ ಬರಲೇಬೇಕು, ಸ್ಟಾರ್ಟ್ ಆದ ಮೇಲೆ ಹೋಗಬೇಕು. ಬರಲೇ ಇಲ್ಲ ಅಂದರೆ ಯಾರೋ ಅದನ್ನು ಮುಚ್ಚಿರಬಹುದು.

ಆಮೇಲೆ ನಿಮ್ಮದೇ ಸ್ಕ್ಯಾನರ್ ಹಾಕಿ ರೆಡಿನೆಸ್ ನೋಡಿ. ಕೋಡ್ ಅಳಿಸಿದಾಗ ಕ್ಯಾಟ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಸ್ವಯಂ ಪರೀಕ್ಷೆಗಳು ಮೊದಲಿನಿಂದ ಶುರುವಾಗುತ್ತವೆ. ಹೆದ್ದಾರಿಯಲ್ಲೂ ಪೇಟೆಯಲ್ಲೂ ಓಡಿದ ಮೇಲೆಯೇ ಅವು ಮುಗಿಯುವುದು. ಹಲವು "ಆಗಿಲ್ಲ" ಅಂತ ತೋರಿಸಿದರೆ ಇತ್ತೀಚೆಗೆ ಅಳಿಸಿದ್ದಾರೆ. ಹೆಚ್ಚಿನ ಕಾರುಗಳಲ್ಲಿ ಕೋಡ್ ಅಳಿಸಿದ ಮೇಲೆ ಓಡಿದ ದೂರವೂ ಸಿಗುತ್ತದೆ. ಮಾರುವವರು ಗಾಡಿಯನ್ನು ಭದ್ರಾವತಿಯಿಂದ ತಂದಿದ್ದು, ಆ ಲೆಕ್ಕ 20 ಕಿಲೋಮೀಟರ್ ತೋರಿಸುತ್ತಿದ್ದರೆ, ಮನೆ ಬಿಡುವ ಮುಂಚೆ ಯಾಕೆ ಅಳಿಸಿದಿರಿ ಅಂತ ಕೇಳಿ. "ಬ್ಯಾಟರಿ ಬದಲಿಸಿದೆ" ಅಂದರೆ ಬ್ಯಾಟರಿಯ ಮೇಲಿನ ತಾರೀಕು ನೋಡಿ.